ಓದದೆಯೇ ಓದಿದೆನೆನ್ನುವ ಯಂತ್ರ

ನಮ್ಮ ಊರಿನ ನೂಲಿನ ಗಿರಣಿಯೊಂದರಲ್ಲಿ ರಿಂಗ್ ಫ್ರೇಮ್ ಖಾತೆಯಲ್ಲಿ ದುಡಿಯುವ ಗೆಳೆಯರೊಬ್ಬರು ಹೋದ ತಿಂಗಳು ನಮ್ಮ ಕಚೇರಿಗೆ ಬಂದಿದ್ದರು. ಒಂದು ಕೈಯಲ್ಲಿ ಸಂಬಳದ ಚೀಟಿ, ಇನ್ನೊಂದರಲ್ಲಿ ಮೊಬೈಲ್ ಫೋನು. ಪ್ರತಿ ವರ್ಷ ಏಪ್ರಿಲ್ ಒಂದರಿಂದ ಬದಲಾಗುವ ತುಟ್ಟಿಭತ್ಯೆ ತಮ್ಮ ಕೂಲಿಗೆ ಸೇರಿದೆಯೋ ಇಲ್ಲವೋ ಎಂಬ ಸಂಶಯ ಅವರಿಗೆ ಬಹಳ ದಿನದಿಂದ ಇತ್ತು. ಗಿರಣಿಯ ಗುಮಾಸ್ತರನ್ನು ಕೇಳಿದರೆ "ಎಲ್ಲಾ ಸರಿಯಿದೆ, ಹೋಗಯ್ಯ" ಎಂಬ ಉತ್ತರ. ಕಾಲೇಜು ಓದುವ ಮಗಳು, "ನಾನು ನೋಡ್ತೀನಿ ಬಿಡಪ್ಪ" ಎಂದು ಕಾರ್ಮಿಕ ಇಲಾಖೆಯ ಅಧಿಸೂಚನೆ ಇರುವ ಪುಟದ ವಿಳಾಸವನ್ನು ಹುಡುಕಿ ತೆಗೆದು, ಫೋನಿನಲ್ಲಿರುವ ಎಐ ಸಹಾಯಕಕ್ಕೆ ಕೊಟ್ಟು, ಇದನ್ನು ಓದಿ ನಮ್ಮ ಅಪ್ಪನಿಗೆ ದಿನಗೂಲಿ ಎಷ್ಟು ಬರಬೇಕು ಹೇಳು ಎಂದಳು. ಯಂತ್ರ "ನೀವು ಕೊಟ್ಟ ಪುಟವನ್ನು ಓದಿದೆ" ಎಂದೇ ಆರಂಭಿಸಿ, ಪೈಸೆ ಸಹಿತ ಒಂದು ಅಂಕಿಯನ್ನು ಕೊಟ್ಟಿತು. ಚೀಟಿಗೂ ಅದಕ್ಕೂ ತಾಳೆಯಾಯಿತು. ತಂದೆ ಸುಮ್ಮನಾದರು.

ನಾಲ್ಕು ತಿಂಗಳ ಮೇಲೆ ಸಂಘದ ಕಾರ್ಯದರ್ಶಿಗಳು ಅಧಿಸೂಚನೆಯ ಮುದ್ರಿತ ಪ್ರತಿಯನ್ನು ತಂದು ಗೇಟಿನ ಬಳಿ ಓದಿದಾಗ ಗೊತ್ತಾಯಿತು, ಯಂತ್ರ ಹೇಳಿದ್ದು ಹಿಂದಿನ ವರ್ಷದ ದರ. ದಿನಕ್ಕೆ 19 ರೂಪಾಯಿಯ ವ್ಯತ್ಯಾಸ. ತಿಂಗಳಿಗೆ 26 ದಿನದ ಲೆಕ್ಕ ಹಿಡಿದರೆ 494 ರೂಪಾಯಿ, ನಾಲ್ಕು ತಿಂಗಳಿಗೆ 1,976 ರೂಪಾಯಿ. ಗಿರಣಿಯವರು ಹಳೆಯ ದರವನ್ನೇ ಕೊಡುತ್ತಿದ್ದರು. ಯಂತ್ರವೂ ಹಳೆಯ ದರವನ್ನೇ ಹೇಳಿತು. ಎರಡು ತಪ್ಪುಗಳು ಒಂದಕ್ಕೊಂದು ಸಾಕ್ಷಿಯಾದವು. ಗಿರಣಿಯ ತಪ್ಪಿನ ಬಗ್ಗೆ ಸಂಘ ಇಲಾಖೆಗೆ ಅರ್ಜಿ ಕೊಟ್ಟಿದೆ, ಅದರ ವಿಚಾರ ಬೇರೆ. ಇಂದು ನಾವು ಬರೆಯಹೊರಟಿರುವುದು ಎರಡನೆಯ ತಪ್ಪಿನ ವಿಷಯ. ಆ ಯಂತ್ರ ನಿಜವಾಗಿಯೂ ಆ ಪುಟವನ್ನು ತೆರೆದಿತ್ತೇ?

ಇದನ್ನು ಯಂತ್ರವನ್ನೇ ಕೇಳಿ ಪ್ರಯೋಜನವಿಲ್ಲವೆಂಬುದನ್ನು ಮೊದಲು ಹೇಳಿಬಿಡುತ್ತೇವೆ. ಏಕೆಂದರೆ ಈ ಯಂತ್ರಗಳ ಮೂಲ ಕೆಲಸ ಒಂದೇ. ಅಪಾರವಾದ ಬರಹವನ್ನು ಅರಗಿಸಿಕೊಂಡು, ಒಂದು ಮಾತಿನ ನಂತರ ಯಾವ ಮಾತು ಬರುವುದು ಸಹಜವೋ ಅದನ್ನು ಜೋಡಿಸುತ್ತ ಹೋಗುವುದು. ಹೊರಗೆ ಹೋಗಿ ಒಂದು ಪುಟವನ್ನು ತರುವುದು ಅದರಿಂದಲೇ ಆಗುವ ಕೆಲಸವಲ್ಲ. ಅದಕ್ಕೆ ಕಂಪನಿಯವರು ಬೇರೊಂದು ಉಪಕರಣವನ್ನು ಜೋಡಿಸಿರಬೇಕು. ಯಂತ್ರ ಆ ಉಪಕರಣವನ್ನು ಕರೆಯಬೇಕು. ಅದು ಹೋಗಿ ಪುಟದ ಅಕ್ಷರಗಳನ್ನು ತಂದು ಯಂತ್ರದ ಮುಂದೆ ಸುರಿಯಬೇಕು. ಉಪಕರಣ ಇಲ್ಲದಿದ್ದರೂ, ಇದ್ದು ಕರೆಯದಿದ್ದರೂ, ಕರೆದು ಬರಿಗೈಯಲ್ಲಿ ಬಂದರೂ ಮಾತು ಜೋಡಿಸುವ ಕೆಲಸ ಮಾತ್ರ ನಿಲ್ಲುವುದಿಲ್ಲ. "ಪುಟವನ್ನು ಓದಿದೆ" ಎಂಬುದೂ ಹಾಗೆ ಜೋಡಿಸಿದ ಒಂದು ಮಾತೇ. ಲಿಂಕ್ ಕೊಟ್ಟವರಿಗೆ ಉತ್ತರ ಕೊಡುವಾಗ ಹಾಗೆ ಆರಂಭಿಸುವುದು ಸಹಜವಾದ್ದರಿಂದ ಅದು ಹಾಗೆ ಆರಂಭಿಸುತ್ತದೆ.

ವ್ಯಾಪಾರಿ ಬಂಧುಗಳಿಗೆ ಇದು ಹೊಸದಲ್ಲ. ಎಪಿಎಂಸಿ ಅಂಗಳಕ್ಕೆ ಹೋಗಿ ಮೆಕ್ಕೆಜೋಳದ ಇವತ್ತಿನ ಧಾರಣೆ ಕೇಳಿಕೊಂಡು ಬಾ ಎಂದು ಅಂಗಡಿಯ ಹುಡುಗನನ್ನು ಕಳಿಸಿದರೆ, ಅವನು ಮೂಲೆಯ ಹೋಟೆಲಿನಲ್ಲಿ ಚಹಾ ಕುಡಿದು, ಹೋದ ವಾರದ ಧಾರಣೆಗೆ ಹತ್ತು ರೂಪಾಯಿ ಸೇರಿಸಿ ಹೇಳುವುದುಂಟು. ಹುಡುಗನಾದರೆ ಮುಖ ನೋಡಿ ಹಿಡಿಯಬಹುದು. ಯಂತ್ರಕ್ಕೆ ಮುಖವಿಲ್ಲ. ಸುಳ್ಳು ಹೇಳುತ್ತಿದ್ದೇನೆಂಬ ಅಳುಕೂ ಇಲ್ಲ. ಸುಳ್ಳೆನ್ನುವುದಕ್ಕೂ ಒಂದು ಉದ್ದೇಶ ಬೇಕಲ್ಲವೆ? ಅದೂ ಅದಕ್ಕಿಲ್ಲ.

ಹಾಗಾದರೆ ತಿಳಿಯುವುದು ಹೇಗೆ? ಗಿರಣಿಯಲ್ಲಿ ಯಾರು ಎಷ್ಟು ಹೊತ್ತಿಗೆ ಒಳಗೆ ಬಂದರೆಂಬುದು ಗೇಟಿನ ಪುಸ್ತಕದಲ್ಲಿರುತ್ತದೆ. ಇಂಟರ್‌ನೆಟ್ಟಿನಲ್ಲಿಯೂ ಅಂಥದೊಂದು ಪುಸ್ತಕವಿದೆ. ಪುಟವನ್ನು ಇಟ್ಟುಕೊಂಡಿರುವ ಸರ್ವರ್ ಎಂಬ ಗಣಕ, ಆ ಪುಟವನ್ನು ಯಾರು ಕೇಳಿದರೂ ಒಂದು ಸಾಲು ಬರೆದಿಡುತ್ತದೆ: ದಿನಾಂಕ, ಗಂಟೆ, ನಿಮಿಷ, ಸೆಕೆಂಡು, ಕೇಳಿದ ಗಣಕದ ಸಂಖ್ಯೆ, ಮತ್ತು ಕೇಳಿದವರು ತಮ್ಮನ್ನು ತಾವು ಏನೆಂದು ಹೇಳಿಕೊಂಡರೋ ಆ ಹೆಸರು. ಎಐ ಕಂಪನಿಗಳು ತಮ್ಮ ದೂತರಿಗೆ ಹೆಸರುಗಳನ್ನು ಇಟ್ಟಿವೆ. ಬಳಸುವವರು ಕೇಳಿದಾಗ ಪುಟ ತರಲು ಹೋಗುವ ದೂತ ಚಾಟ್‌ಜಿಪಿಟಿ-ಯೂಸರ್, ಕ್ಲಾಡ್-ಯೂಸರ್, ಪರ್ಪ್ಲೆಕ್ಸಿಟಿ-ಯೂಸರ್ ಎಂಬ ಹೆಸರುಗಳಿಂದ ಹೋಗುತ್ತಾನೆ. ಯಂತ್ರವನ್ನು ಕಲಿಸುವುದಕ್ಕಾಗಿ ಊರೂರಿನ ಪುಟಗಳನ್ನು ಬಾಚಿ ತರುವ ದೂತರು ಬೇರೆ. ಓಪನ್ ಎಐ ಕಂಪನಿಯವರ ಜಿಪಿಟಿಬಾಟ್ ಅಂಥದು. ಸರ್ವರ್ ನಮ್ಮದಾಗಿದ್ದರೆ ಗೇಟಿನ ಪುಸ್ತಕವೂ ನಮ್ಮದು.

ನಮ್ಮ ಪತ್ರಿಕೆಯ ಅಕ್ಷರ ಜೋಡಣೆ ನೋಡಿಕೊಳ್ಳುವ ತರುಣ ಮಿತ್ರರು ಇದನ್ನು ಪರೀಕ್ಷಿಸಿಯೇ ಬಿಡೋಣವೆಂದರು. ಎಲ್ಲಿಯೂ ಪ್ರಕಟವಾಗದ, ಯಾವ ಹುಡುಕು ಯಂತ್ರಕ್ಕೂ ಗೊತ್ತಿಲ್ಲದ ಒಂದು ಪುಟವನ್ನು ಅವರು ಮಾಡಿದರು. ಉಪಾಯವೆಲ್ಲ ಅದರ ವಿಳಾಸದಲ್ಲಿತ್ತು. ವಿಳಾಸವನ್ನು ಓದಿದರೆ ಯಾರಿಗಾದರೂ ಅದು ಸೋಮವಾರದ ಹತ್ತಿ ಧಾರಣೆಯ ಪುಟವೆಂದು ತೋರಬೇಕು. ಒಳಗಿದ್ದುದು ಬೇರೆ: ಕಚೇರಿಯ ಹಿಂದಿನ ಬೇವಿನ ಮರದಲ್ಲಿ 47 ಗಿಳಿಗಳಿವೆ, ಕಾವಲುಗಾರರ ಛತ್ರಿಯ ಬಣ್ಣ ನೇರಳೆ, ಇಷ್ಟೇ. ಪುಟವನ್ನು ತೆರೆದವನು ಗಿಳಿಯ ಮಾತಾಡಬೇಕು. ತೆರೆಯದವನು ಹತ್ತಿಯ ಮಾತಾಡುತ್ತಾನೆ.

ಮೂರು ಸಹಾಯಕಗಳಿಗೆ ಈ ವಿಳಾಸವನ್ನು ಕೊಟ್ಟು, ಪುಟವನ್ನು ಓದಿ ಸಾರಾಂಶ ಹೇಳಿ ಎಂದು ಕೇಳಲಾಯಿತು. ಅವುಗಳ ಹೆಸರನ್ನು ನಾವು ಬರೆಯುವುದಿಲ್ಲ, ಏಕೆಂದರೆ ಒಂದೇ ಯಂತ್ರ ಇವತ್ತು ಒಂದು ರೀತಿ, ನಾಳೆ ಇನ್ನೊಂದು ರೀತಿ. ಕಾಸು ಕೊಟ್ಟವರಿಗೆ ಒಂದು ರೀತಿ, ಬಿಟ್ಟಿ ಬಳಸುವವರಿಗೆ ಇನ್ನೊಂದು ರೀತಿ ನಡೆಯುವುದುಂಟು. ಮೊದಲನೆಯದು ಗಿಳಿಗಳನ್ನೂ ಛತ್ರಿಯನ್ನೂ ಸರಿಯಾಗಿ ಹೇಳಿ, ವಿಳಾಸಕ್ಕೂ ಒಳಗಿನ ವಿಷಯಕ್ಕೂ ಸಂಬಂಧವಿಲ್ಲವಲ್ಲ ಎಂದು ಸೌಜನ್ಯದಿಂದ ಆಕ್ಷೇಪವನ್ನೂ ಎತ್ತಿತು. ಪುಸ್ತಕದಲ್ಲಿ ಅದರ ದೂತ ಬಂದು ಹೋದ ಸಾಲು ಇತ್ತು. ಎರಡನೆಯದು ಹತ್ತಿಯ ತಳಿಗಳ ಹೆಸರು ಬರೆದು, ಕ್ವಿಂಟಾಲಿಗೆ ಕನಿಷ್ಠ ಇಷ್ಟು, ಗರಿಷ್ಠ ಇಷ್ಟು, ಆವಕ ಇಷ್ಟು ಎಂದು ಅಂದವಾದ ಕೋಷ್ಟಕವನ್ನೇ ಕೊಟ್ಟಿತು. ಪುಸ್ತಕ ಖಾಲಿ. ನೀವು ನಿಜವಾಗಿ ಪುಟವನ್ನು ತೆರೆದಿರಾ ಎಂದರೆ, ಹೌದು, ಈಗ ತಾನೆ ತೆರೆದು ನೋಡಿದೆ ಎಂದಿತು. ಪುಸ್ತಕ ಖಾಲಿ. ಅದರಲ್ಲಿ ಗಿಳಿಗಳ ವಿಷಯವಿದೆಯಲ್ಲ ಎಂದು ನಮ್ಮ ಮಿತ್ರರು ಸುಳಿವು ಕೊಟ್ಟರು. ತಕ್ಷಣ ಕ್ಷಮೆ ಕೇಳಿ, ಮತ್ತೊಮ್ಮೆ ಓದಿದೆ, ನೀವು ಹೇಳಿದ್ದು ಸರಿ, 12 ಗಿಳಿಗಳಿವೆ ಎಂದಿತು! ಆಗಲೂ ಪುಸ್ತಕ ಖಾಲಿ. ಕಚೇರಿಯಲ್ಲಿದ್ದವರೆಲ್ಲ ನಕ್ಕರು. ಸಂಬಳದ ಚೀಟಿ ಹಿಡಿದು ಬಂದಿದ್ದ ಗೆಳೆಯರು ಮಾತ್ರ ನಗಲಿಲ್ಲ.

ಮೂರನೆಯದು, ಈ ಪುಟವನ್ನು ತೆರೆಯಲು ನನಗೆ ಸಾಧ್ಯವಾಗುತ್ತಿಲ್ಲ, ಅದರಲ್ಲಿರುವುದನ್ನು ಇಲ್ಲಿ ಅಂಟಿಸಿದರೆ ಓದಿ ಹೇಳುತ್ತೇನೆ ಎಂದಿತು. ಕೆಲಸ ಮಾಡಲಾರೆನೆಂದ ಈ ಮೂರನೆಯದರ ಮೇಲೆ ನಮಗೆ ಹುಟ್ಟಿದ ಗೌರವ ಸಣ್ಣದಲ್ಲ.

ಒಂದು ಗಂಟೆ ಬಿಟ್ಟು ಗಿಳಿಗಳ ಸಂಖ್ಯೆಯನ್ನು 47ರಿಂದ 61ಕ್ಕೆ ತಿದ್ದಿ, ಸರಿಯುತ್ತರ ಕೊಟ್ಟಿದ್ದ ಮೊದಲನೆಯದನ್ನೇ ಹೊಸದಾಗಿ ಕೇಳಲಾಯಿತು. ಅದು 47 ಎಂದೇ ಹೇಳಿತು. ಪುಸ್ತಕದಲ್ಲಿ ಹೊಸ ಸಾಲಿರಲಿಲ್ಲ. ಹಿಂದೆ ತಂದ ಪ್ರತಿಯನ್ನು ಕಂಪನಿಯ ಉಗ್ರಾಣದಲ್ಲಿ ಇಟ್ಟುಕೊಂಡು ಅದನ್ನೇ ಓದಿದ್ದಿರಬೇಕು. ಇದು ಸುಳ್ಳಲ್ಲ, ಆದರೆ ಹಳಸಲು. ಧಾರಣೆಯ ವಿಷಯದಲ್ಲಿ ಹಳಸಲೂ ನಷ್ಟವೇ.

ಇದೆಲ್ಲ ನಾವು ಕಂಡುಹಿಡಿದ ವಿಧಾನವೇನಲ್ಲ. ಚಾಟ್‌ಜಿಪಿಟಿ ಜನರ ಕೈಗೆ ಬಂದದ್ದು 2022ರ ನವೆಂಬರ್ 30ರಂದು. ಆಗ ಅದಕ್ಕೆ ಇಂಟರ್‌ನೆಟ್ಟಿನ ಪುಟ ತೆರೆಯುವ ಉಪಕರಣವೇ ಇರಲಿಲ್ಲ. ಆದರೂ ಲಿಂಕ್ ಕೊಟ್ಟವರಿಗೆಲ್ಲ ಸಾರಾಂಶ ಬರೆದುಕೊಡುತ್ತಿತ್ತು. 2023ರ ಮಾರ್ಚಿನಲ್ಲಿ ಸೈಮನ್ ವಿಲಿಸನ್ ಎಂಬ ತಂತ್ರಜ್ಞರು ಇಲ್ಲದ ಪುಟಗಳ ವಿಳಾಸಗಳನ್ನು ಕಲ್ಪಿಸಿ ಕೊಟ್ಟು, ಅದು ಅವಕ್ಕೂ ಸಾರಾಂಶ ಬರೆಯುತ್ತದೆಂದು ತೋರಿಸಿದರು. ವಿಳಾಸದಲ್ಲಿ ಇಣುಕುವ ನಾಲ್ಕು ಪದಗಳೇ ಅದರ ಬಂಡವಾಳ. ಅದೇ ವರ್ಷ ಪುಟ ತೆರೆಯುವ ಉಪಕರಣ ಬಂತು. ಪುಟಗಳ ಒಡೆಯರ ಇಷ್ಟಕ್ಕೆ ವಿರುದ್ಧವಾಗಿ ವಿಷಯ ತೋರಿಸುತ್ತಿದೆಯೆಂದು ಜುಲೈಯಲ್ಲಿ ಅದನ್ನು ನಿಲ್ಲಿಸಿ, ಸೆಪ್ಟೆಂಬರಿನಲ್ಲಿ ಮತ್ತೆ ತಂದರು. ಇಂದು ಹೆಸರಾದ ಸಹಾಯಕಗಳಿಗೆಲ್ಲ ಅಂಥ ಉಪಕರಣವಿದೆ. ಅಪಾಯ ಕಡಿಮೆಯಾಗಿದೆಯೆನ್ನುವುದನ್ನು ಒಪ್ಪಬೇಕು. ಆದರೆ ಹಿಂದೆ ಅದು ಎಂದೂ ತೆರೆಯುವುದಿಲ್ಲವೆಂದಾದರೂ ತಿಳಿದಿತ್ತು. ಈಗ ಕೆಲವು ಸಲ ತೆರೆಯುತ್ತದೆ, ಕೆಲವು ಸಲ ಇಲ್ಲ, ಮಾತಿನ ಧಾಟಿ ಎರಡರಲ್ಲಿಯೂ ಒಂದೇ.

ಯಂತ್ರದ ಮಾತನ್ನು ಯಂತ್ರದಿಂದಲೇ ಖಾತ್ರಿ ಮಾಡಿಕೊಳ್ಳಹೋದವರ ಗತಿಯನ್ನು ನ್ಯೂಯಾರ್ಕಿನ ಫೆಡರಲ್ ನ್ಯಾಯಾಲಯ 2023ರಲ್ಲಿ ಕಂಡಿತು. ಅವಿಯಾಂಕ ಎಂಬ ವಿಮಾನ ಕಂಪನಿಯ ವಿಮಾನದಲ್ಲಿ ಊಟದ ಗಾಡಿ ತಾಗಿ ಮೊಣಕಾಲಿಗೆ ಪೆಟ್ಟಾಯಿತೆಂದು ಪ್ರಯಾಣಿಕರೊಬ್ಬರು ಹೂಡಿದ ದಾವೆ ಅದು. ಅವರ ವಕೀಲರು ಚಾಟ್‌ಜಿಪಿಟಿ ಹೇಳಿದ ಹಳೆಯ ತೀರ್ಪುಗಳನ್ನು ಉಲ್ಲೇಖಿಸಿ ವಾದಪತ್ರ ಸಲ್ಲಿಸಿದರು. ಆ ತೀರ್ಪುಗಳು ಎಲ್ಲಿಯೂ ಇರಲಿಲ್ಲ. ಇವು ನಿಜವಾದ ತೀರ್ಪುಗಳೇ ಎಂದು ವಕೀಲರು ಅದನ್ನೇ ಕೇಳಿದ್ದರಂತೆ. ಹೌದು, ಕಾನೂನಿನ ಪ್ರಸಿದ್ಧ ಸಂಗ್ರಹಗಳಲ್ಲಿ ಸಿಗುತ್ತವೆ ಎಂದು ಉತ್ತರ ಬಂದಿತ್ತು. ಜೂನ್ ತಿಂಗಳಲ್ಲಿ 5,000 ಡಾಲರ್ ದಂಡ ಬಿತ್ತು. ದಂಡ ಬಿದ್ದದ್ದು ವಕೀಲರಿಗೂ ಅವರ ಸಂಸ್ಥೆಗೂ. ಯಂತ್ರಕ್ಕೂ ಅದರ ಕಂಪನಿಗೂ ಅಲ್ಲ.

ಕೆನಡಾದ ಮೊಕದ್ದಮೆಯೊಂದು ನಮಗೆ ಇದಕ್ಕಿಂತ ಹತ್ತಿರದ್ದೆಂದು ತೋರುತ್ತದೆ. 2022ರಲ್ಲಿ ಅಜ್ಜಿ ತೀರಿಕೊಂಡದ್ದರಿಂದ ಪ್ರಯಾಣ ಮಾಡಬೇಕಾಗಿದ್ದ ಒಬ್ಬರು ಏರ್ ಕೆನಡಾ ಕಂಪನಿಯ ಚಾಟ್‌ಬಾಟನ್ನು ರಿಯಾಯಿತಿಯ ಬಗ್ಗೆ ಕೇಳಿದರು. ಮೊದಲು ಟಿಕೆಟ್ ಕೊಳ್ಳಿ, 90 ದಿನದೊಳಗೆ ಅರ್ಜಿ ಹಾಕಿದರೆ ರಿಯಾಯಿತಿ ಸಿಗುತ್ತದೆ ಎಂದಿತು; ಜೊತೆಗೆ ಕಂಪನಿಯದೇ ಪುಟಕ್ಕೆ ಲಿಂಕನ್ನೂ ಕೊಟ್ಟಿತು. ಆ ಪುಟದಲ್ಲಿ ಬರೆದಿದ್ದುದು ಇದಕ್ಕೆ ತದ್ವಿರುದ್ಧ: ಪ್ರಯಾಣ ಮುಗಿದ ಮೇಲೆ ರಿಯಾಯಿತಿ ಇಲ್ಲ. ತನ್ನ ಧಣಿಯ ಪುಟಕ್ಕೇ ವಿರುದ್ಧವಾಗಿ, ಆ ಪುಟವನ್ನೇ ಸಾಕ್ಷಿ ಕೊಟ್ಟು ಮಾತಾಡಿದ ಯಂತ್ರ! ಹಣ ಕೊಡಲೊಪ್ಪದ ಕಂಪನಿ, ಚಾಟ್‌ಬಾಟ್ ತನ್ನ ಕೃತ್ಯಗಳಿಗೆ ತಾನೇ ಹೊಣೆಯಾದ ಬೇರೊಂದು ವ್ಯಕ್ತಿ ಎಂಬ ಅರ್ಥದ ವಾದವನ್ನೂ ಮುಂದಿಟ್ಟಿತು. ಮೇಸ್ತ್ರಿ ಮಾಡಿದ್ದಕ್ಕೆ ಮಾಲೀಕ ಹೊಣೆಯಲ್ಲವೆಂಬ ವಾದವನ್ನು ಗಿರಣಿಯ ಗೇಟಿನಲ್ಲಿ ಕೇಳಿ ಬಲ್ಲವರಿಗೆ ಇದರ ಗುರುತು ಹತ್ತಬೇಕು. ಬ್ರಿಟಿಷ್ ಕೊಲಂಬಿಯಾದ ನ್ಯಾಯಮಂಡಳಿ 2024ರ ಫೆಬ್ರುವರಿಯಲ್ಲಿ ಈ ವಾದವನ್ನು ತಳ್ಳಿಹಾಕಿ, ಪುಟದಲ್ಲಿರುವುದಕ್ಕೂ ಚಾಟ್‌ಬಾಟ್ ಆಡಿದ್ದಕ್ಕೂ ಕಂಪನಿಯೇ ಹೊಣೆಯೆಂದು ಹೇಳಿ, ಎಲ್ಲ ಸೇರಿ ಸುಮಾರು 812 ಕೆನಡಾ ಡಾಲರ್ ಕೊಡಿಸಿತು. ಮೊತ್ತ ಸಣ್ಣದು, ತತ್ವ ಸಣ್ಣದಲ್ಲ.

ಯುರೋಪಿನ ಸಾರ್ವಜನಿಕ ಪ್ರಸಾರ ಸಂಸ್ಥೆಗಳ ಒಕ್ಕೂಟವೂ ಬಿಬಿಸಿಯೂ ಸೇರಿ 2025ರ ಅಕ್ಟೋಬರಿನಲ್ಲಿ ಒಂದು ವರದಿ ಹೊರಡಿಸಿದವು. 18 ದೇಶಗಳ 22 ಸಂಸ್ಥೆಗಳು, 14 ಭಾಷೆಗಳಲ್ಲಿ, ನಾಲ್ಕು ಸಹಾಯಕಗಳನ್ನು ಸುದ್ದಿಯ ಬಗ್ಗೆ ಕೇಳಿ, ಮೂರು ಸಾವಿರಕ್ಕೂ ಹೆಚ್ಚು ಉತ್ತರಗಳನ್ನು ಪತ್ರಕರ್ತರಿಂದ ತೂಗಿಸಿದವು. 45 ಶೇಕಡಾ ಉತ್ತರಗಳಲ್ಲಿ ಒಂದಾದರೂ ದೊಡ್ಡ ದೋಷ. 31 ಶೇಕಡಾದಲ್ಲಿ ಆಧಾರ ಕೊಟ್ಟ ರೀತಿಯೇ ದೋಷದ್ದು, ಎಂದರೆ ಆಧಾರ ಇಲ್ಲ, ತಪ್ಪು, ಇಲ್ಲವೆ ದಾರಿ ತಪ್ಪಿಸುವಂಥದು. ಆ ಹದಿನಾಲ್ಕು ಭಾಷೆಗಳಲ್ಲಿ ಕನ್ನಡವಿಲ್ಲ.

ಕನ್ನಡದ ಕಷ್ಟ ಬೇರೊಂದು ಬಗೆಯದು. ದೂತ ಬಂದು ಹೋದ ಮಾತ್ರಕ್ಕೆ ಓದಿದಂತಾಗಲಿಲ್ಲ. ನಮ್ಮ ಕಚೇರಿಗಳ ಎಷ್ಟೋ ಆದೇಶಗಳು ಕಾಗದವನ್ನು ಸ್ಕ್ಯಾನ್ ಮಾಡಿ ಹಾಕಿದ ಚಿತ್ರಗಳು. ಅವುಗಳಲ್ಲಿ ಗಣಕಕ್ಕೆ ಕಾಣುವ ಅಕ್ಷರವೇ ಇರುವುದಿಲ್ಲ. ಇನ್ನೆಷ್ಟೋ ಹಳೆಯ ನುಡಿ, ಬರಹ ಅಕ್ಷರಗಳಲ್ಲಿ ಜೋಡಿಸಿದವು. ಕಣ್ಣಿಗೆ ಅವು ಶುದ್ಧ ಕನ್ನಡ. ಆದರೆ ಯೂನಿಕೋಡ್ ಅಲ್ಲವಾದ್ದರಿಂದ ಅಕ್ಷರಗಳನ್ನು ಕಿತ್ತು ತೆಗೆದರೆ ಬರುವುದು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ರಾಶಿ. ಕೆಲವು ಪುಟಗಳಲ್ಲಿ ಕೋಷ್ಟಕವೆಲ್ಲ ಪುಟ ತೆರೆದ ಮೇಲೆ ನಡೆಯುವ ಜಾವಾಸ್ಕ್ರಿಪ್ಟಿನಿಂದ ಮೂಡುತ್ತದೆ. ಅದನ್ನು ನಡೆಸಲಾರದ ದೂತನಿಗೆ ಸಿಗುವುದು ಖಾಲಿ ಚೌಕಟ್ಟು. ಇಂಥ ಕಡೆ ಗೇಟಿನ ಪುಸ್ತಕದಲ್ಲಿ ಸಾಲೂ ಇರುತ್ತದೆ, ಉತ್ತರವೂ ಕಲ್ಪಿತವಾಗಿರುತ್ತದೆ. ಆ ತಂದೆ ಮಗಳಿಗೆ ಆದದ್ದೂ ಇದೇ ಇರಬಹುದು. ಸರ್ಕಾರದ ಕಚೇರಿಗಳು ತಮ್ಮ ಅಧಿಸೂಚನೆಗಳನ್ನು ಯೂನಿಕೋಡ್ ಕನ್ನಡದಲ್ಲಿ ನೇರವಾಗಿ ಪ್ರಕಟಿಸಲಿ ಎಂಬ ಬೇಡಿಕೆ ಪಂಡಿತರ ಬೇಡಿಕೆಯಲ್ಲ, ಅದು ಕೂಲಿಯ ಬೇಡಿಕೆ.

ಸಣ್ಣ ವ್ಯಾಪಾರಿಗಳಿಗೂ ಇದರ ಬಿಸಿ ತಟ್ಟದೆ ಇರದು. 2025ರ ಜುಲೈಯಲ್ಲಿ ಯುಪಿಐ ವ್ಯವಹಾರದ ಲೆಕ್ಕ ಹಿಡಿದು ವಾಣಿಜ್ಯ ತೆರಿಗೆ ಇಲಾಖೆ ಕರ್ನಾಟಕದ ಚಿಲ್ಲರೆ ಅಂಗಡಿಯವರಿಗೆ ನೋಟೀಸು ಕಳಿಸಿದ್ದು ಯಾರಿಗೆ ಮರೆತಿದೆ? ಅದೇ ವರ್ಷ ಸೆಪ್ಟೆಂಬರ್ 22ರಿಂದ ಜಿಎಸ್‌ಟಿ ದರಗಳು ಬದಲಾದವು. ಸೋಪು, ತಲೆಗೆಣ್ಣೆ, ಹಲ್ಲಿನ ಪೇಸ್ಟು 18ರಿಂದ 5ಕ್ಕೆ, ಬೆಣ್ಣೆ ತುಪ್ಪ 12ರಿಂದ 5ಕ್ಕೆ ಇಳಿದವು. ಅದಕ್ಕೆ ಮುಂಚಿನ ಬರಹದಿಂದ ಕಲಿತ ಯಂತ್ರ ಪುಟವನ್ನು ತೆರೆಯದೆ ಉತ್ತರ ಕೊಟ್ಟರೆ ಸೋಪಿಗೆ 18 ಎಂದೇ ಹೇಳುತ್ತದೆ, ಅದೂ ನೀವು ಕೊಟ್ಟ ಸರ್ಕಾರಿ ಲಿಂಕಿನ ಹೆಸರಿನಲ್ಲಿ. ನವೆಂಬರ್ 21ರಿಂದ ಜಾರಿಗೆ ಬಂದ ನಾಲ್ಕು ಕಾರ್ಮಿಕ ಸಂಹಿತೆಗಳ ವಿಷಯದಲ್ಲಿಯೂ ಹೀಗೆಯೇ ಆದೀತು.

ಗೇಟಿನ ಪುಸ್ತಕವನ್ನೂ ಕಣ್ಣುಮುಚ್ಚಿ ನಂಬುವಂತಿಲ್ಲ. 2025ರ ಆಗಸ್ಟಿನಲ್ಲಿ ಕ್ಲೌಡ್‌ಫ್ಲೇರ್ ಎಂಬ ಕಂಪನಿ, ಯಾರಿಗೂ ತಿಳಿಯದ ಹೊಸ ವಿಳಾಸಗಳನ್ನು ತೆಗೆದುಕೊಂಡು, ಯಂತ್ರಗಳಿಗೆ ಪ್ರವೇಶವಿಲ್ಲವೆಂಬ ಫಲಕವನ್ನೂ ಹಾಕಿ, ಪರ್ಪ್ಲೆಕ್ಸಿಟಿಯನ್ನು ಅವುಗಳ ಬಗ್ಗೆ ಕೇಳಿತು. ಆದರೂ ಒಳಗಿನ ವಿವರ ಹೊರಬಂತೆಂದೂ, ದೂತ ಹೆಸರು ಮರೆಸಿ ಸಾಮಾನ್ಯ ಬಳಕೆದಾರನ ವೇಷದಲ್ಲಿ ಬಂದನೆಂದೂ ಆಪಾದಿಸಿತು. ಪರ್ಪ್ಲೆಕ್ಸಿಟಿ ಅದನ್ನು ಒಪ್ಪಲಿಲ್ಲ. ಒಂದು ಕಡೆ ಹೋಗದೆ ಹೋದೆನೆನ್ನುವ ಯಂತ್ರ, ಇನ್ನೊಂದು ಕಡೆ ಹೋಗಿಯೂ ಗುರುತು ಮರೆಸುವುದೆಂಬ ಆಪಾದನೆ. ಈ ಉದ್ಯಮಕ್ಕೆ ಹಾಜರಿ ಪುಸ್ತಕದ ಶಿಸ್ತು ಇನ್ನೂ ಬಂದಿಲ್ಲ.

ಕಂಪನಿಗಳು ಮಾಡಬೇಕಾದದ್ದು ಕಷ್ಟದ್ದೇನಲ್ಲ. ಉಪಕರಣ ಹೋಯಿತೋ ಇಲ್ಲವೋ, ಏನು ತಂದಿತು ಎಂಬುದು ಮಾತು ಜೋಡಿಸುವ ಯಂತ್ರಕ್ಕೆ ಬಿಟ್ಟ ವಿಷಯವಾಗಿರಬಾರದು. ಕಂಪನಿಯ ಗಣಕಕ್ಕೆ ಅದು ಖಚಿತವಾಗಿ ಗೊತ್ತಿರುತ್ತದೆ. ಪುಟ ತೆರೆಯಿತು, ಇಷ್ಟು ಗಂಟೆಗೆ, ಹೊಸದು ಇಲ್ಲವೆ ಹಳೆಯ ಪ್ರತಿ, ಅಥವಾ ತೆರೆಯಲಿಲ್ಲ ಎಂದು ಉತ್ತರದ ತಲೆಯ ಮೇಲೆ, ಕನ್ನಡದಲ್ಲಿ ಕೇಳಿದವರಿಗೆ ಕನ್ನಡದಲ್ಲಿ, ಮುದ್ರೆ ಒತ್ತಿದಂತೆ ತೋರಿಸಲಿ. ಕೆಲವು ಸಹಾಯಕಗಳು ಹುಡುಕುತ್ತಿರುವಾಗ ಅಂಥ ಗುರುತನ್ನು ತೋರಿಸುತ್ತವೆ. ಆ ಗುರುತು ಇಲ್ಲದೆ "ಓದಿದೆ" ಎಂದರೆ ಓದಿಲ್ಲವೆಂದೇ ಹಿಡಿಯುವುದು ಕ್ಷೇಮ.

ಅಲ್ಲಿಯವರೆಗೆ ನಮ್ಮ ವಾಚಕರು ಏನು ಮಾಡಬೇಕು? ಲಿಂಕ್ ಕೊಡುವ ಬದಲು ಪುಟದಲ್ಲಿರುವ ಅಕ್ಷರಗಳನ್ನೇ ನಕಲು ಮಾಡಿ ಅಂಟಿಸುವುದು ಮೇಲು. ಲಿಂಕನ್ನೇ ಕೊಟ್ಟರೆ, ಆ ಪುಟದಲ್ಲಿ ಮಾತ್ರ ಇರಬಹುದಾದದ್ದನ್ನು ಮೊದಲು ಕೇಳಿರಿ: ಆದೇಶದ ಸಂಖ್ಯೆ ಏನು, ಕೊನೆಯ ಸಾಲು ಯಾವುದು, ಯಾರ ಸಹಿ ಇದೆ ಎಂದು. ಕೊನೆಯ ಸಾಲನ್ನು ಕೇಳುವುದಕ್ಕೆ ಕಾರಣವಿದೆ. ಉದ್ದದ ಪುಟಗಳನ್ನು ಅರ್ಧಕ್ಕೆ ಕತ್ತರಿಸಿ ಓದುವ ಅಭ್ಯಾಸವೂ ಈ ಉಪಕರಣಗಳಿಗಿದೆ. ಉತ್ತರ ಬಂದ ಮೇಲೆ ಪುಟವನ್ನು ನೀವೇ ತೆರೆದು ಆ ಎರಡು ವಿವರಗಳನ್ನಾದರೂ ತಾಳೆ ನೋಡಿರಿ. ವಿಳಾಸದಲ್ಲಿ ಬೇಕೆಂದೇ ಎರಡು ಅಕ್ಷರ ಕೆಡಿಸಿ ಕೊಟ್ಟು ನೋಡುವುದೂ ಒಳ್ಳೆಯ ಪರೀಕ್ಷೆ. ಇಲ್ಲದ ಪುಟಕ್ಕೂ ಸಾರಾಂಶ ಬಂದರೆ ಮುಂದಿನ ಮಾತೇ ಬೇಡ. ನಿಜವಾಗಿ ಓದಿದೆಯಾ ಎಂದು ಅದನ್ನೇ ಕೇಳುತ್ತ ಕೂರಬೇಡಿರಿ. ಕೂಲಿ, ಭವಿಷ್ಯನಿಧಿ, ತೆರಿಗೆಯ ಪ್ರಶ್ನೆಯಾದರೆ ಸಂಘದ ಕಚೇರಿಯಲ್ಲಿ ಮುದ್ರಿತ ಪ್ರತಿ ನೋಡದೆ ಯಾವ ಕಾಗದಕ್ಕೂ ರುಜು ಹಾಕಬೇಡಿರಿ.

ಗಿಳಿಗಳ ಪುಟವನ್ನು ನಾವು ತೆಗೆದುಹಾಕಿಲ್ಲ. ಸಂಖ್ಯೆಯನ್ನು ನಮ್ಮ ಮಿತ್ರರು ಪ್ರತಿ ವಾರ ಬದಲಾಯಿಸುತ್ತಾರೆ. ಭಾನುವಾರ ಸಂಜೆ ಐದರ ಮೇಲೆ ಫೋನು ಹಿಡಿದು ಕಚೇರಿಗೆ ಬಂದರೆ, ನಿಮ್ಮ ಫೋನಿನ ಯಂತ್ರ ಗಿಳಿಯೆನ್ನುತ್ತದೋ ಹತ್ತಿಯೆನ್ನುತ್ತದೋ, ಪುಸ್ತಕದಲ್ಲಿ ಸಾಲು ಬೀಳುತ್ತದೋ ಇಲ್ಲವೋ ಅಲ್ಲಿಯೇ ನೋಡಬಹುದು. ಬರುವಾಗ ಏಪ್ರಿಲಿನಿಂದ ಈಚಿನ ಸಂಬಳದ ಚೀಟಿಗಳನ್ನೂ ತನ್ನಿರಿ. ಅಧಿಸೂಚನೆಯ ಪ್ರತಿ ನಮ್ಮ ಮೇಜಿನ ಮೇಲಿದೆ.